ಮೂರೇ ಭಾಗಾಕಾರದಲ್ಲಿ 1,31,071

ನಾನು ಯಾದಗಿರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಡಿಸೆಂಬರ್ 22, ಗಣಿತ ದಿನ. ಪ್ರತಿ ವರ್ಷ ರಾಮಾನುಜನ್ ಫೋಟೋಗೆ ಹಾರ ಹಾಕಿ ಭಾಷಣ ಮಾಡುತ್ತಿದ್ದೆವು. ಈ ಸಲ ಒಂದು ದೊಡ್ಡ ಸಂಖ್ಯೆ ಅವಿಭಾಜ್ಯ ಅಂತ ಮಕ್ಕಳೇ ತೋರಿಸಲಿ ಅನಿಸಿತು.

ಹತ್ತನೇ ತರಗತಿಯವರು ಸಾಲಾಗಿ ಬಂದು ಬೋರ್ಡಿನ ಮೇಲೆ ಇಮ್ಮಡಿ ಮಾಡುತ್ತಾ ಹೋದರು. 2, 4, 8... ಹದಿನೇಳನೆಯವನು 1,31,072 ಬರೆದ. ಒಂದು ಕಳೆದೆವು, 1,31,071.

ಇದರ ವರ್ಗಮೂಲ 362ರ ಹತ್ತಿರ. ಅಲ್ಲಿಯವರೆಗೆ 72 ಅವಿಭಾಜ್ಯ ಸಂಖ್ಯೆಗಳಿವೆ. ಎಲ್ಲದರಿಂದಲೂ ಭಾಗಿಸಿ ನೋಡಬೇಕು ಅಂದಾಗ ಮಕ್ಕಳ ಮುಖ ಬಾಡಿತು. ಇಟಲಿಯ ಕತಾಲ್ಡಿ 1588ರಲ್ಲಿ ಹೀಗೆ ಒಂದೊಂದರಿಂದ ಭಾಗಿಸಿಯೇ ಇದನ್ನು ಅವಿಭಾಜ್ಯ ಅಂತ ತೋರಿಸಿದ್ದು. ಅವರ ತಾಳ್ಮೆಗೆ ನಿಜಕ್ಕೂ ಕೈ ಮುಗಿಯಬೇಕು.

ನಮಗೆ ಹತ್ತಿರದ ದಾರಿ ಇದೆ. 2ರ 17ನೇ ಘಾತದಲ್ಲಿ 1 ಕಳೆದ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಭಾಗಿಸಿದರೆ, ಆ ಅವಿಭಾಜ್ಯದಲ್ಲಿ 1 ಕಳೆದಾಗ ಉಳಿದದ್ದು 17ರ ಮಗ್ಗಿಯಲ್ಲಿ ಇರಲೇಬೇಕು. ಅದು ಸಮಸಂಖ್ಯೆಯೂ ಹೌದು, ಹಾಗಾಗಿ 34ರ ಮಗ್ಗಿ. ಜೊತೆಗೆ ಆ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಎಂಟರ ನಿಯಮದ ಸಾಧನೆ ಈ ವಯಸ್ಸಿಗೆ ಭಾರ, ಅದನ್ನು ಸುಮ್ನೆ ಹೇಳಿಕೊಟ್ಟೆ. ಮೊದಲನೆಯದನ್ನು ಮಾತ್ರ 2047ರ ಮೇಲೆ ಪರೀಕ್ಷಿಸಿದೆವು. 2047 ಅಂದರೆ 2ರ 11ನೇ ಘಾತದಲ್ಲಿ 1 ಕಡಿಮೆ. ಅದು 23 ಗುಣಿಸು 89. 22, 88 ಎರಡೂ 22ರ ಮಗ್ಗಿಯಲ್ಲೇ ಬಂದವು! ಘಾತ ಅವಿಭಾಜ್ಯ ಆದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯ ಆಗಬೇಕಿಲ್ಲ ಅನ್ನೋದೂ ಅಲ್ಲೇ ಗೊತ್ತಾಯಿತು.

ಜರಡಿ ಹಿಡಿದ ಮೇಲೆ 72ರಲ್ಲಿ ಉಳಿದದ್ದು ಮೂರೇ: 103, 137, 239. ಮೂವರನ್ನು ಬೋರ್ಡಿಗೆ ಕರೆದೆ. 103ಕ್ಕೆ ಶೇಷ 55. 137ಕ್ಕೆ 99. 239ಕ್ಕೂ 99.

ನಾನು ತಿರುಗಿ ನೋಡಿದೆ. 239ರಿಂದ ಭಾಗಿಸಿದ ಹುಡುಗಿ ತಕ್ಷಣ, "ನಾ ನೋಡಿ ಬರದಿಲ್ರೀ ಸರ" ಅಂದಳು. ಕಣ್ಣಲ್ಲಿ ನೀರಿತ್ತು. ನಾನೇ ಮತ್ತೆ ಭಾಗಿಸಿದೆ. 99 ಸರಿಯಾಗಿಯೇ ಇತ್ತು. ಒಂದು ಕಡೆ ಭಾಗಲಬ್ಧ 956, ಇನ್ನೊಂದು ಕಡೆ 548. ಸ್ವಲ್ಪ ಹೊತ್ತು ಎಲ್ಲರೂ ಬೋರ್ಡನ್ನೇ ನೋಡುತ್ತಾ ಕೂತೆವು. ಆಮೇಲೆ ಅವಳೇ ಹಿಡಿದಳು: 956 ಅಂದರೆ 239ರ ನಾಲ್ಕು ಪಟ್ಟು, 548 ಅಂದರೆ 137ರ ನಾಲ್ಕು ಪಟ್ಟು. ಎರಡೂ ಕಡೆ ಗುಣಲಬ್ಧ ಒಂದೇ, 1,30,972. ಅದಕ್ಕೇ ಶೇಷವೂ ಒಂದೇ. ಇದನ್ನು ನಾನು ಮನೆಯಲ್ಲಿ ತಯಾರಿ ಮಾಡುವಾಗ ಗಮನಿಸಿರಲೇ ಇಲ್ಲ. ಅವಳಿಗೆ ಕ್ಷಮೆ ಕೇಳಿದೆ.

2024ರಲ್ಲಿ ಸಿಕ್ಕ ಅತಿ ದೊಡ್ಡ ಅವಿಭಾಜ್ಯವೂ ಇದೇ ಕುಟುಂಬದ್ದು. 2ರ 13,62,79,841ನೇ ಘಾತದಲ್ಲಿ 1 ಕಡಿಮೆ. ಅದರಲ್ಲಿ 4 ಕೋಟಿಗೂ ಜಾಸ್ತಿ ಅಂಕಿಗಳಿವೆ ಅಂದಾಗ ಮಕ್ಕಳು ಒಂದು ಕ್ಷಣ ಸುಮ್ಮನಾದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೂ ಮೊದಲು ಅದೇ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. 2ರ 19ನೇ ಘಾತದಲ್ಲಿ 1 ಕಳೆದ ಸಂಖ್ಯೆ ತೆಗೆದುಕೊಂಡಿದ್ದಳು, 5,24,287. ಅಲ್ಲೂ ಉಳಿದದ್ದು ಮೂರೇ: 191, 457, 647. ಶೇಷ 183, 108, 217.