ಬೆಳಗಿನ ಹೊತ್ತು ಜೇನಿನದು

ನಮ್ಮ ಕೈತೋಟದಲ್ಲಿ ಜೇನುಪೆಟ್ಟಿಗೆ ಇಲ್ಲ, ಇಡುವ ಯೋಚನೆಯೂ ಇಲ್ಲ. ಆದರೂ ಜೇನು ಕಾಣದ ದಿನ ಕಡಿಮೆ. ಗೋಡೆಯ ಬಿರುಕಿನಲ್ಲಿ ಮುಜಂಟಿ ಅನ್ನುವ ಪುಟ್ಟ ಜೇನು ಸಂಸಾರ ಹೂಡಿದೆ. ದಾಸವಾಳದ ಪೊದೆಗೆ ಆಗಾಗ ಕೋಲುಜೇನು ಬಂದು ಹುಟ್ಟು ಕಟ್ಟುತ್ತದೆ. ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ಜಾತಿಯ ಜೇನು, ಎಲ್ಲಿಂದಲೋ ಬಂದು ಹೂವು ನೋಡಿಕೊಂಡು ಹೋಗುತ್ತದೆ. ಇದನ್ನೆಲ್ಲ ಹೇಳಿದಾಗ ಎಲ್ಲರೂ ಕೇಳುವುದು ಒಂದೇ ಮಾತು: "ಕಚ್ಚಲ್ವಾ?" ಅವುಗಳ ದಾರಿಗೆ ಅಡ್ಡ ಬಂದರೆ ಕಚ್ಚುತ್ತವೆ. ಅಡ್ಡ ಬರದ ಹಾಗೆ ನಮ್ಮ ಕೆಲಸದ ಹೊತ್ತು ಮತ್ತು ಜಾಗ ಬದಲಾಯಿಸಿಕೊಂಡರೆ, ಮಕ್ಕಳು ಓಡಾಡುವ ತೋಟದಲ್ಲೂ ಜೇನು ನೆಮ್ಮದಿಯಾಗಿ ಇರಬಹುದು. ನಾನು ಅದನ್ನು ಹೇಗೆ ಮಾಡಿಕೊಂಡೆ ಅಂತ ಬರೆಯುತ್ತೇನೆ.

ಮೊದಲು ಹೊತ್ತಿನ ವಿಷಯ. ಕುಂಬಳದ ಹೂವು ಬೆಳಕು ಹರಿಯುವಾಗ ಅರಳುತ್ತದೆ, ಮಧ್ಯಾಹ್ನಕ್ಕೆ ಮೊದಲೇ ಮುದುಡುತ್ತದೆ. ಕಾಯಿ ಕಟ್ಟುವ ಕೆಲಸ ಏನಿದ್ದರೂ ಆ ಕೆಲವೇ ಗಂಟೆಗಳಲ್ಲಿ ಆಗಬೇಕು. ಹಾಗಾಗಿ ಬೆಳಗ್ಗೆ ನಾನು ಪೈಪ್ ಹಿಡಿಯುವುದಿಲ್ಲ. ನೀರು ಹಾಕುವುದು ಸಂಜೆ, ಅದೂ ಬುಡಕ್ಕೆ ಮಾತ್ರ. ಒದ್ದೆಯಾದ ಪರಾಗ ಕೆಲಸಕ್ಕೆ ಬರುವುದಿಲ್ಲ. ಕಳೆ ಕೀಳುವುದು, ಕೊಂಬೆ ಕತ್ತರಿಸುವುದು ಎಲ್ಲ ಸಂಜೆಗೇ. ಬೆಳಗ್ಗೆ ಸುಮ್ನೆ ನೋಡುವ ಹೊತ್ತು. ಗಂಡುಹೂವಿನ ಆಳಕ್ಕೆ ತಲೆ ತೂರಿಸಿದ ತುಡುವೆ ಹೊರಗೆ ಬರುವಾಗ ಬೆನ್ನೆಲ್ಲ ಹಳದಿ. ಹಾಗೇ ಹೋಗಿ ಹೆಣ್ಣುಹೂವಿಗೆ ಇಳಿಯುತ್ತದೆ. ಹೆಣ್ಣುಹೂವು ಯಾವುದು ಅಂತ ಗುರುತಿಸುವುದು ಸುಲಭ, ಅದರ ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ. ಪರಾಗ ಸಿಗದಿದ್ದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಸೌತೆಯಲ್ಲಿ ಸಾಕಷ್ಟು ಪರಾಗ ಬೀಳದಿದ್ದರೆ ಕಾಯಿ ಸೊಟ್ಟಗೆ, ಒಂದು ತುದಿ ಸಣಕಲಾಗಿ ಬೆಳೆಯುವುದುಂಟು. "ಹೂವು ಬಿಡುತ್ತೆ, ಕಾಯಿ ನಿಲ್ಲಲ್ಲ" ಅಂತ ಗೊಬ್ಬರ ಸುರಿಯುವವರಿಗೆ ನಾನು ಮೊದಲು ಕೇಳುವುದು, ಬೆಳಗ್ಗೆ ಹೂವಿನ ಮೇಲೆ ಜೇನು ಕಂಡಿರಾ ಅಂತ.

ಟೊಮೆಟೊ, ಬದನೆಯ ಕಥೆ ಬೇರೆ. ಅವುಗಳ ಪರಾಗ ಕೇಸರದ ಒಳಗೇ ಇರುತ್ತದೆ, ಅಲುಗಿಸಿದರೆ ಮಾತ್ರ ತುದಿಯಿಂದ ಉದುರುತ್ತದೆ. ಈ ಕೆಲಸ ತುಡುವೆಗೆ ಬರುವುದಿಲ್ಲ. ದೊಡ್ಡ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನು, ಇವು ಮಾಡುತ್ತವೆ. ಹೂವನ್ನು ಗಟ್ಟಿಯಾಗಿ ತಬ್ಬಿ, ರೆಕ್ಕೆ ಬಡಿಯದೆ ಹಾರುವ ಸ್ನಾಯುಗಳನ್ನು ಮಾತ್ರ ಅದುರಿಸುತ್ತವೆ. ಹತ್ತಿರ ನಿಂತರೆ ಗುಂಯ್ ಅನ್ನುವ ಸದ್ದು ಹೂವಿನ ಮೇಲೆ ಇದ್ದಕ್ಕಿದ್ದ ಹಾಗೆ ಬದಲಾಗುವುದು ಕೇಳಿಸುತ್ತದೆ. ಜೇನು ಅಂದರೆ ಗೂಡು, ರಾಣಿ, ತುಪ್ಪ ಅಂತ ಮಾತ್ರ ಅಂದುಕೊಂಡವರು ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಗತ್ತಿನಲ್ಲಿ ಸುಮಾರು 20,000 ಜಾತಿಯ ಜೇನುಗಳಿವೆ. ಅವುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಬದುಕುವಂಥವು, ಬಹಳಷ್ಟು ನೆಲದಲ್ಲೇ ಬಿಲ ತೋಡುವಂಥವು. ಇವುಗಳಿಗಾಗಿ ತೋಟದ ಒಂದು ಮೂಲೆಯಲ್ಲಿ ನಾನು ಅಗೆಯುವುದಿಲ್ಲ, ತರಗೆಲೆಯನ್ನೂ ಹೊದಿಸುವುದಿಲ್ಲ. ಬರೀ ಮಣ್ಣು, ಅಷ್ಟೆ. ದುಂಬಿ ಕೊರೆದುಕೊಳ್ಳಲಿ ಅಂತ ಒಂದು ಒಣ ದಿಮ್ಮಿ ಬಿಟ್ಟಿದ್ದೇನೆ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿ ಹಿಡಿದು ಕತ್ತರಿಸಿದ ಹಾಗೆ ದುಂಡಗೆ ತುಂಡು ಹೋಗಿದ್ದರೆ ಅದು ರೋಗ ಅಲ್ಲ. ಎಲೆ ಕತ್ತರಿಸುವ ಜೇನು ತನ್ನ ಮರಿಗಳ ಕೋಣೆಗೆ ಆ ತುಂಡು ಒಯ್ದಿರುತ್ತದೆ. ಗಿಡಕ್ಕೆ ಏನೂ ಆಗುವುದಿಲ್ಲ, ಔಷಧಿ ಹೊಡೆಯಬೇಡಿ.

ಜಾಗ ಹೊಂದಿಸುವುದರಲ್ಲಿ ಎಲ್ಲಕ್ಕಿಂತ ಮುಖ್ಯ ನೀರು. ತುಡುವೆಯಂಥ ಜೇನುಗಳು ಮರಿಗಳಿರುವ ಭಾಗವನ್ನು ಹೆಚ್ಚುಕಡಿಮೆ 34-35 ಡಿಗ್ರಿ ಬಿಸಿಯಲ್ಲಿ ಇಡಬೇಕು. ಬಿಸಿಲು ಏರಿದಾಗ ನೀರಿನ ಹನಿ ತಂದು ಹುಟ್ಟಿನ ಮೇಲೆ ಹರಡಿ, ರೆಕ್ಕೆಯಿಂದ ಗಾಳಿ ಬೀಸಿ ತಂಪು ಮಾಡುತ್ತವೆ. ನಾವು ನೀರಿಗೊಂದು ಜಾಗ ತೋರಿಸದಿದ್ದರೆ ಬಟ್ಟೆ ಒಗೆಯುವ ಕಲ್ಲು, ಸೋರುವ ನಲ್ಲಿ, ಒದ್ದೆ ಅಂಗಳ ಹುಡುಕಿಕೊಂಡು ಬರುತ್ತವೆ. ಜನ ಕಚ್ಚಿಸಿಕೊಳ್ಳುವುದು ಜಾಸ್ತಿ ಇಂಥ ಕಡೆಯೇ, ಬರಿಗಾಲಲ್ಲಿ ತುಳಿದು. ನಾನು ಬೇಸಿಗೆ ಶುರುವಾಗುವ ಮೊದಲೇ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ, ಕಲ್ಲಿನ ನೆತ್ತಿ ಒಣಗಿರುವಷ್ಟು ಮಾತ್ರ ನೀರು ಹಾಕುತ್ತೇನೆ. ಕಲ್ಲು ಇಲ್ಲದಿದ್ದರೆ ಹುಳ ಮುಳುಗಿ ಸಾಯುತ್ತದೆ. ತಟ್ಟೆ ಇರುವುದು ನಾವು ಓಡಾಡದ ಕಡೆ, ಬೇಲಿಯ ಬುಡದಲ್ಲಿ. ಸೊಳ್ಳೆ ಮರಿ ಆಗದ ಹಾಗೆ ಎರಡು ದಿನಕ್ಕೊಮ್ಮೆ ನೀರು ಬದಲಾಯಿಸುತ್ತೇನೆ. ಆದರೆ ಕಲ್ಲು ಉಜ್ಜುವುದಿಲ್ಲ. ಸ್ವಲ್ಪ ಪಾಚಿಯ ವಾಸನೆ ಇದ್ದರೆ ಅವುಗಳಿಗೆ ಗುರುತು ಸಿಗುತ್ತದೆ, ತೊಳೆದಿಟ್ಟ ನೀರಿಗಿಂತ ಅದೇ ಇಷ್ಟ. ಒಂದೆರಡು ಹುಳಕ್ಕೆ ಜಾಗ ಗೊತ್ತಾದರೆ ಸಾಕು, ಅವು ಗೂಡಿಗೆ ಹೋಗಿ ಕುಣಿದು ಉಳಿದವಕ್ಕೆ ದಿಕ್ಕು, ದೂರ ಹೇಳುತ್ತವೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ನಮಗೆ ಇದರಿಂದ ಆಗುವ ಪಾಠ ಇಷ್ಟೇ: ರೂಢಿಯಾದ ತಟ್ಟೆಯನ್ನು ನಡುಬೇಸಿಗೆಯಲ್ಲಿ ಒಣಗಲು ಬಿಡಬಾರದು. ಒಣಗಿದರೆ ಹುಳಗಳು ಮತ್ತೆ ನಲ್ಲಿಗೇ ಬರುತ್ತವೆ.

ಕೋಲುಜೇನಿನ ಮೇಲೆ ನನಗೆ ವಿಶೇಷ ಪ್ರೀತಿ. ಅಂಗೈ ಅಗಲದ ಒಂದೇ ಹುಟ್ಟು, ತೆಳ್ಳನೆಯ ಕಡ್ಡಿಯನ್ನು ಸುತ್ತಿಕೊಂಡು ನೇತಾಡುತ್ತದೆ. ಹತ್ತಿರದಿಂದ ನೋಡಿದರೆ ಹುಟ್ಟಿನ ಎಡಕ್ಕೂ ಬಲಕ್ಕೂ ಕಡ್ಡಿಯ ಮೇಲೆ ಹೊಳೆಯುವ ಒಂದು ಉಂಗುರ ಕಾಣುತ್ತದೆ. ಮರದ ಅಂಟು ತಂದು ಬಳಿದದ್ದು. ಇರುವೆ ಅಲ್ಲಿಯವರೆಗೆ ಬಂದು, ಕಾಲು ಇಡಲಾಗದೆ ತಿರುಗಿ ಹೋಗುತ್ತದೆ. ಆ ಕೊಂಬೆಯನ್ನು ಮುಟ್ಟದಿದ್ದರೆ ಪಕ್ಕದಲ್ಲೇ ಹೂವು ಕೊಯ್ಯಬಹುದು. ಅದಕ್ಕೇ ಕತ್ತರಿ ಹಿಡಿಯುವ ಮೊದಲು ಪೊದೆಯ ಒಳಗೆ ಒಮ್ಮೆ ಇಣುಕುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಅಭ್ಯಾಸ. ಹೂವು ಕಡಿಮೆಯಾದರೆ ಅವೇ ಎದ್ದು ಹೋಗುತ್ತವೆ. ಹೋದ ಮೇಲೆ ಖಾಲಿ ಹುಟ್ಟನ್ನು ಕೂಡಲೇ ಕಿತ್ತು ಎಸೆಯಬೇಡಿ. ಹತ್ತಿರದಲ್ಲೇ ಹೊಸ ಮನೆ ಮಾಡಿದ್ದರೆ ಹುಳಗಳು ವಾಪಸ್ ಬಂದು ಹಳೆಯ ಮೇಣ ಕೆರೆದು, ಹಿಂಗಾಲಿಗೆ ಮೆತ್ತಿಕೊಂಡು ಒಯ್ಯುತ್ತವೆ. ಮೇಣ ಮಾಡುವುದು ಅವುಗಳಿಗೆ ದುಬಾರಿ ಕೆಲಸ.

ಮುಜಂಟಿಗೆ ಚುಚ್ಚುವ ಮುಳ್ಳು ಇಲ್ಲ. ಗೂಡು ಕೆದಕಿದರೆ ತಲೆಗೂದಲಿಗೆ ಸಿಕ್ಕಿಕೊಂಡು ಚಿವುಟುತ್ತದೆ, ಅಷ್ಟೆ. ಗೋಡೆಗೆ ಬಣ್ಣ ಬಳಿಯುವಾಗ, ಬಿರುಕಿಗೆ ಸಿಮೆಂಟ್ ತುಂಬುವಾಗ ಅದರ ಗೂಡಿನ ಬಾಗಿಲಾದ ಅಂಟಿನ ಕೊಳವೆ ಇರುವಲ್ಲಿ ಒಂದು ಗೇಣು ಬಿಟ್ಟರೆ ಸಾಕು.

ಹೆಜ್ಜೇನಿನ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಅದಕ್ಕೆ ನನ್ನ ಗೌರವ ಇದೆ, ಆದರೆ ಜನ ಓಡಾಡುವ ಜಾಗದ ತಲೆಯ ಮೇಲೆ ಅದು ಬೇಡ. ಹಾರಿ ಬಂದ ಹಿಂಡು ಮರದಲ್ಲಿ ಕೂತರೆ ಹೆಚ್ಚಿನ ಸಲ ದಣಿವಾರಿಸಿಕೊಂಡು ಮುಂದೆ ಹೋಗುತ್ತದೆ. ಆ ಹೊತ್ತಿನಲ್ಲಿ ಮಕ್ಕಳನ್ನು ಒಳಗಿಟ್ಟು, ಕಲ್ಲು, ಹೊಗೆ ಯಾವುದಕ್ಕೂ ಕೈ ಹಾಕದೆ ಇರಬೇಕು. ರಾತ್ರಿ ಹೊರಗಿನ ದೀಪ ಆರಿಸಬೇಕು, ಬೆಳಕಿಗೆ ಬರುವ ಜೇನು ಅದು. ಹೋಗದೆ ಅಲ್ಲೇ ಹುಟ್ಟು ಕಟ್ಟಲು ಶುರು ಮಾಡಿದರೆ ಕೆಲಸ ಬಲ್ಲವರನ್ನು ಕರೆಸಿ. ಬೆಂಕಿ ಹಚ್ಚಿ ಓಡಿಸುವವರನ್ನು ಕರೆಯಬೇಡಿ. ಅದು ಜೇನಿಗೂ ನಾಶ, ಮನೆಗೂ ಅಪಾಯ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಚುಚ್ಚುತ್ತದೆ. ಮುಳ್ಳು ಚರ್ಮದಲ್ಲೇ ಉಳಿದು, ಹುಳ ಹೋದ ಮೇಲೂ ವಿಷ ಇಳಿಸುತ್ತಾ ಇರುತ್ತದೆ. ಉಗುರಲ್ಲಿ ಕೆರೆದೋ, ಚಿವುಟಿಯೋ, ಹೇಗಾದರೂ ಸರಿ, ತಕ್ಷಣ ತೆಗೆಯಿರಿ. ಹೇಗೆ ತೆಗೆಯುತ್ತೀರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆಯುತ್ತೀರಿ ಅನ್ನುವುದು ಮುಖ್ಯ. ಚುಚ್ಚಿದ ಜಾಗದಿಂದ ಕಳಿತ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ, ಅದು ಉಳಿದ ಹುಳಗಳಿಗೆ ಎಚ್ಚರಿಕೆ. ಹಾಗಾಗಿ ಕೈ ಬೀಸದೆ ಅಲ್ಲಿಂದ ಒಳಗೆ ನಡೆದು, ಸೋಪು ಹಾಕಿ ತೊಳೆದು, ತಣ್ಣನೆ ಬಟ್ಟೆ ಇಡಿ. ಉಸಿರು ಕಟ್ಟಿದಂತಾದರೆ, ಮುಖ ಅಥವಾ ನಾಲಗೆ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ತಲೆ ಸುತ್ತಿದರೆ ಮನೆಮದ್ದು ನೋಡುತ್ತಾ ಕೂರಬೇಡಿ. ನೇರ ಆಸ್ಪತ್ರೆ. ತುಂಬ ಹುಳಗಳು ಒಟ್ಟಿಗೆ ಚುಚ್ಚಿದರೂ ಅಷ್ಟೇ.

ಕೀಟನಾಶಕ ನಮ್ಮ ತೋಟಕ್ಕೆ ಬರುವುದಿಲ್ಲ. ಸಂಜೆ ಹೊಡೆದರೆ ಜೇನಿಗೆ ತೊಂದರೆ ಇಲ್ಲ ಅನ್ನುವ ಮಾತು ಎಲ್ಲ ಔಷಧಿಗೂ ಹೊಂದುವುದಿಲ್ಲ. ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ಒಳಗೇ ಸೇರಿ ಪರಾಗಕ್ಕೂ ಮಕರಂದಕ್ಕೂ ಬರುತ್ತವೆ. ಅದೂ ಸೇರಿ ಮೂರು ಔಷಧಿಗಳನ್ನು ಬಯಲಿನ ಬೆಳೆಗೆ ಬಳಸದ ಹಾಗೆ ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಷೇಧಿಸಿತು. ಗಿಡಕ್ಕೆ ಸಸ್ಯಹೇನು ಕೂತರೆ ನಾನು ನೀರು ಚಿಮ್ಮಿಸಿ ಉದುರಿಸುತ್ತೇನೆ. ಜಾಸ್ತಿಯಾದರೆ ತೆಳು ಸೋಪಿನ ನೀರು, ಸೂರ್ಯ ಮುಳುಗಿದ ಮೇಲೆ, ಹೂವಿಗೆ ತಾಗದಂತೆ. ಪಕ್ಕದ ಮನೆಯವರ ಹತ್ತಿರವೂ ಮಾತಾಡಿದ್ದೇನೆ. "ಅಕ್ಕ, ನಿಮ್ಮ ಹೀರೆ ಬಳ್ಳಿಗೂ ಇದೇ ಜೇನು ಬರೋದು" ಅಂದ ಮೇಲೆ ಅವರು ಔಷಧಿ ಹೊಡೆಯುವ ಮೊದಲು ನನಗೆ ಹೇಳುತ್ತಾರೆ. ಸಾಮಾನ್ಯವಾಗಿ ಇಬ್ಬರೂ ಕೂತು ಬೇರೆ ದಾರಿ ಹುಡುಕುತ್ತೇವೆ.

ಇನ್ನು ಹೂವು. ಕೊತ್ತಂಬರಿ, ಸಾಸಿವೆ, ಮೂಲಂಗಿ ಬಲಿತ ಮೇಲೆ ಎಲ್ಲವನ್ನೂ ಕೀಳುವುದಿಲ್ಲ, ಒಂದಷ್ಟು ಹೂವಿಗೆ ಬಿಡುತ್ತೇನೆ. ತುಳಸಿಯ ತೆನೆಯನ್ನೂ ಅರ್ಧ ಮಾತ್ರ ಚಿವುಟುವುದು. ಸುತ್ತು ಸುತ್ತಾಗಿ ದಳ ತುಂಬಿದ ಹೂವು ನೋಡಲು ಚೆಂದ, ಆದರೆ ಅದರಲ್ಲಿ ಜೇನಿಗೆ ಸಿಗುವುದು ಕಡಿಮೆ. ಒಂದೇ ಸುತ್ತಿನ ದಳದ ಜಾತಿ ನೆಡಿ. ಒಂದು ಜಾತಿಯನ್ನು ಅಲ್ಲೊಂದು ಇಲ್ಲೊಂದು ಚದುರಿಸದೆ ಒಟ್ಟಿಗೆ ನೆಡಿ, ಯಾಕೆಂದರೆ ಜೇನು ಒಂದು ಸಲ ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಅದರ ಹಿಂಗಾಲಿನ ಪರಾಗದ ಉಂಡೆ ಎಲ್ಲ ಒಂದೇ ಬಣ್ಣ ಇರುವುದು ಅದಕ್ಕೇ. ಯಾವ ತಿಂಗಳಲ್ಲಿ ತೋಟದಲ್ಲಿ ಹೂವೇ ಇರುವುದಿಲ್ಲ ಅಂತ ನಾನು ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತಾ ಬಂದಿದ್ದೇನೆ. ಗಿಡ ಆರಿಸುವುದು ಆ ಗುರುತು ನೋಡಿಕೊಂಡೇ. ಖಾಲಿ ಬೀಳುವ ವಾರಗಳಿಗೆ ಸರಿಯಾಗಿ ಅರಳಲಿ ಅಂತ ಈ ಸಲ ಸೂರ್ಯಕಾಂತಿಯನ್ನು ಒಂದೇ ದಿನ ಬಿತ್ತದೆ ಮೂರು ಕಂತಿನಲ್ಲಿ ಬಿತ್ತಿದ್ದೇನೆ.