ನಡೆದರೆ ಹಿಡಿದುಕೊಳ್ಳುವ ಮೀನಖಂಡ: ರಕ್ತನಾಳ ಪೆಡಸಾದರೆ ಏನು ಮಾಡಬೇಕು

ಮೊದಮೊದಲು ಅದನ್ನು ವಯಸ್ಸಿನ ನೋವು ಅಂದುಕೊಂಡಿದ್ದೆ. ಐದು ನಿಮಿಷ ನಡೆದರೆ ಸಾಕು, ಎಡಗಾಲಿನ ಮೀನಖಂಡವನ್ನು ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ನಿಂತರೆ ಎರಡೇ ನಿಮಿಷದಲ್ಲಿ ಮಾಯ. ಮತ್ತೆ ನಡೆದರೆ ಅಷ್ಟೇ ದೂರಕ್ಕೆ ಮತ್ತೆ ಶುರು. ಎಣ್ಣೆ ತಿಕ್ಕಿದೆ, ಚಪ್ಪಲಿ ಬದಲಾಯಿಸಿದೆ, ಹಾಗೇ ಒಂದು ವರ್ಷ ಕಳೆದುಬಿಟ್ಟೆ. ಆಗ ನನಗೆ 57, ಸಿಗರೇಟು ಹಿಡಿದು ಮೂವತ್ತು ವರ್ಷ ದಾಟಿತ್ತು.

ನಿಮಗೂ ಹೀಗಾಗುತ್ತಿದ್ದರೆ ನೋವಿನ ಲಯ ಗಮನಿಸಿ. ನಡೆದಾಗ ಬಂದು, ನಿಂತ ಕೆಲವೇ ನಿಮಿಷಕ್ಕೆ ಹೋಗುವ ನೋವಾದರೆ, ದುಡಿಯುವ ಸ್ನಾಯುವಿಗೆ ಬೇಕಾದಷ್ಟು ರಕ್ತ ತಲುಪುತ್ತಿಲ್ಲ ಎಂಬ ಅನುಮಾನ ಬರಲೇಬೇಕು. ಪತ್ತೆ ಮಾಡುವುದು ಸುಲಭ. ಡಾಕ್ಟರು ನನ್ನನ್ನು ಅಂಗಾತ ಮಲಗಿಸಿ, ಬಿಪಿ ನೋಡುವ ಪಟ್ಟಿಯನ್ನು ಮೊದಲು ತೋಳಿಗೆ, ಆಮೇಲೆ ಕಣಕಾಲಿಗೆ ಸುತ್ತಿದರು. ಪೆನ್ನಿನಂಥ ಡಾಪ್ಲರ್ ಸಾಧನವನ್ನು ಪಾದದ ಮೇಲಿಟ್ಟಾಗ ಬಲಗಾಲಲ್ಲಿ ರಕ್ತದ ಸದ್ದು ಜೋರಾಗಿ ಕೇಳಿತು. ಎಡಗಾಲಲ್ಲಿ ಅದು ಪಿಸುಮಾತಿನಷ್ಟೇ. ತೋಳಿನಲ್ಲಿ 150, ಎಡ ಕಣಕಾಲಿನಲ್ಲಿ 96. ಭಾಗಿಸಿದರೆ 0.64. ಇದು 0.90ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದೇ ಲೆಕ್ಕ. ಸೂಜಿಯಿಲ್ಲ, ನೋವಿಲ್ಲ. ನಡೆದಾಗ ಕಾಲು ಹಿಡಿಯುವವರು ಈ ಪರೀಕ್ಷೆಯನ್ನು ನೀವಾಗಿಯೇ ಕೇಳಿ ಮಾಡಿಸಿಕೊಳ್ಳಿ.

ಅವತ್ತು ಡಾಕ್ಟರು ಹೇಳಿದ ಒಂದು ಮಾತು ಎದೆಯಲ್ಲಿ ಕೂತಿದೆ: "ಇದು ಬರೀ ಕಾಲಿನ ಕಾಯಿಲೆ ಅಲ್ಲ. ಹೃದಯಕ್ಕೂ ಮಿದುಳಿಗೂ ಹೋಗೋದು ಇಂಥದ್ದೇ ಕೊಳವೆಗಳು."

ಒಳಗೆ ನಡೆಯುವುದು ಇಷ್ಟು. ಆರೋಗ್ಯವಂತ ರಕ್ತನಾಳದ ಒಳಮೈಗೆ ನುಣುಪಾದ, ತೆಳುವಾದ ಪದರವಿದೆ. ಹೊಗೆ, ಏರಿದ ಬಿಪಿ, ಶುಗರ್ ಈ ಪದರವನ್ನು ಕೆಡಿಸುತ್ತವೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್‌ನ ಕಣಗಳು ಅದನ್ನು ದಾಟಿ ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಅವನ್ನು ತೆಗೆಯಲು ಬಂದ ಬಿಳಿರಕ್ತಕಣಗಳು ಕೊಬ್ಬು ನುಂಗಿ ನುಂಗಿ ಉಬ್ಬಿ, ಅಲ್ಲೇ ಸತ್ತು ರಾಶಿಯಾಗುತ್ತವೆ. ಅದರ ಮೇಲೆ ನಾರಿನ ಮುಚ್ಚಳ ಬೆಳೆಯುತ್ತದೆ, ಕಾಲಕ್ರಮೇಣ ಕ್ಯಾಲ್ಸಿಯಂ ಕೂತು ಗೋಡೆ ಪೆಡಸಾಗುತ್ತದೆ. ಅಂದರೆ ಇದು ನಲ್ಲಿಯಲ್ಲಿ ಕಸ ಸಿಕ್ಕಿಕೊಂಡ ಹಾಗಲ್ಲ, ಗೋಡೆಯೊಳಗೇ ಎದ್ದ ಹುಣ್ಣಿನ ಹಾಗೆ. ಆ ಮುಚ್ಚಳ ಹರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗಬಹುದು. ಹೃದಯಾಘಾತ ಹೆಚ್ಚಾಗಿ ಆಗುವುದು ಹೀಗೆ. ನಾಳವನ್ನು ಅರ್ಧದಷ್ಟೂ ಮುಚ್ಚಿರದ ಇಂಥ ಸಣ್ಣ ಕೊಬ್ಬಿನ ಗಡ್ಡೆಯ ಮುಚ್ಚಳವೂ ಹರಿಯಬಹುದು. ಹಾಗಾಗಿ "ನನಗೆ ನೋವೇ ಇಲ್ಲವಲ್ಲ" ಎಂದು ಯಾರೂ ನಿಶ್ಚಿಂತರಾಗಿ ಇರುವಂತಿಲ್ಲ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬೆಲೆ ನನಗೆ ತಿಳಿದದ್ದು ತಪ್ಪು ಮಾಡಿದ ಮೇಲೆ. ನನ್ನ ಎಲ್‌ಡಿಎಲ್ 142 ಇದ್ದದ್ದು ಮಾತ್ರೆಯಿಂದ 66ಕ್ಕೆ ಇಳಿಯಿತು. ಸರಿಹೋಯಿತಲ್ಲ ಎಂದು ಯಾರನ್ನೂ ಕೇಳದೆ ನಿಲ್ಲಿಸಿದೆ. ಮೂರು ತಿಂಗಳಿಗೆ ಮತ್ತೆ 138. ಮಾತ್ರೆ ನುಂಗುವಷ್ಟು ದಿನ ಮಾತ್ರ ಅದರ ಕೆಲಸ. ಅದು ಸಂಖ್ಯೆ ಇಳಿಸುವುದಷ್ಟೇ ಅಲ್ಲ, ಹರಿಯುವಂತಿರುವ ಆ ಮುಚ್ಚಳವನ್ನೂ ಗಟ್ಟಿ ಮಾಡುತ್ತದೆ. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ನೀವೇ ನಿಲ್ಲಿಸಬೇಡಿ. ಕಾಯಿಲೆ ಈಗಾಗಲೇ ಇರುವವರಿಗೆ ಎಲ್‌ಡಿಎಲ್ 70ರ ಒಳಗೆ, ಅಪಾಯ ಹೆಚ್ಚಿದ್ದರೆ 55ರ ಒಳಗೆ ಇಳಿಸಲು ಡಾಕ್ಟರುಗಳು ನೋಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಕೊಡುವುದುಂಟು, ಆದರೆ ಅದನ್ನು ತಾವೇ ಕೊಂಡು ನುಂಗಬಾರದು, ಹೊಟ್ಟೆಯಲ್ಲಿ ರಕ್ತಸ್ರಾವ ಆದೀತು. ಬಿಪಿ, ಶುಗರ್ ಇದ್ದರೆ ಅವೂ ಹಿಡಿತದಲ್ಲಿರಬೇಕು.

ಸಿಗರೇಟಿನ ವಿಷಯದಲ್ಲಿ ರಾಜಿಯೇ ಇಲ್ಲ. ಹತ್ತರಿಂದ ಎರಡಕ್ಕೆ ಇಳಿಸಿದೆ ಎನ್ನುವುದು ರಕ್ತನಾಳಕ್ಕೆ ಸಮಾಧಾನ ತರುವುದಿಲ್ಲ. ನನಗೆ ನಿಕೋಟಿನ್ ಗಮ್ ಬೇಕಾಯಿತು, ಮೂರನೇ ಪ್ರಯತ್ನಕ್ಕೆ ಬಿಟ್ಟುಹೋಯಿತು.

ಕಾಲಿಗೆ ಮದ್ದು ನಡಿಗೆಯೇ, ಆದರೆ ಅದಕ್ಕೊಂದು ಕ್ರಮವಿದೆ. ಮೀನಖಂಡ ಚೆನ್ನಾಗಿಯೇ ನೋಯುವ ತನಕ ನಡೆಯಿರಿ. ನಿಲ್ಲಿ. ನೋವು ಪೂರ್ತಿ ಇಳಿದ ಮೇಲೆ ಮತ್ತೆ ನಡೆಯಿರಿ. ಹೀಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳಾದರೂ. ಶುರು ಮಾಡುವ ಮೊದಲು ಹೃದಯದ ತಪಾಸಣೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಮೊದಲ ವಾರ ಐದು ನಿಮಿಷಕ್ಕೇ ನಿಲ್ಲುತ್ತಿದ್ದವನು ನಾಲ್ಕನೇ ತಿಂಗಳಿಗೆ ಹದಿನೆಂಟು ನಿಮಿಷ ನಿಲ್ಲದೆ ನಡೆದೆ. ಕಣಕಾಲಿನ ಅಳತೆ ಮಾತ್ರ 0.66. ನಾಳ ಅಷ್ಟೇನೂ ತೆರೆದಿಲ್ಲ, ಇರುವ ರಕ್ತದಲ್ಲೇ ಸಂಸಾರ ಮಾಡುವುದನ್ನು ಸ್ನಾಯು ಕಲಿತಿತ್ತು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಉಪ್ಪು ದಿನಕ್ಕೆ ಐದು ಗ್ರಾಂ ಮೀರದಿರಲಿ, ಕರಿದದ್ದು ಕಡಿಮೆಯಾಗಲಿ, ತರಕಾರಿ, ಹಣ್ಣು, ಕಾಳು ಹೆಚ್ಚಲಿ. ರಕ್ತನಾಳ ತೊಳೆಯುತ್ತೇವೆ ಎನ್ನುವ ಪುಡಿ, ಕಷಾಯಗಳನ್ನು ನಂಬಿ ಮಾತ್ರೆ ಬಿಡಬೇಡಿ. ರಾತ್ರಿ ಮಲಗುವ ಮುನ್ನ ಪಾದ ನೋಡಿಕೊಳ್ಳಿ. ಮಾಯದ ಗಾಯ, ಮಲಗಿದಾಗಲೂ ಬರುವ ನೋವು ಕಂಡರೆ ತಡಮಾಡಬೇಡಿ; ಸ್ಟೆಂಟ್, ಬೈಪಾಸ್ ಬೇಕಾಗುವುದು ಮುಖ್ಯವಾಗಿ ಈ ಹಂತದಲ್ಲಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ, ಎದೆ ಅದುಮಿದಂತಾಗಿ ಬೆವರಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಕೊರಿಯಾ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿಯೊಂದು 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22ರ ಆಸುಪಾಸು. ಮುಕ್ಕಾಲು ಪಾಲು ಹೃದಯಗಳಲ್ಲಿ ಈ ಕಾಯಿಲೆಯ ಗುರುತು ಆಗಲೇ ಇತ್ತು. ಇದನ್ನು ಓದಿದ ವಾರವೇ 31 ವರ್ಷದ ಮಗಳನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋದೆ. ಎಲ್‌ಡಿಎಲ್ 168 ಬಂತು. ಸಂಜೆ ಈಗ ಇಬ್ಬರೂ ಒಟ್ಟಿಗೆ ನಡೆಯುತ್ತೇವೆ. ನಾನು ನಿಂತಾಗ ಅವಳೂ ನಿಲ್ಲುತ್ತಾಳೆ.