ಪ್ರವಾಸಿ ಪಟ್ಟಿಯಲ್ಲಿಲ್ಲದ ಬಂದರು ಊರಿಗೆ ಹೊರಟವರಿಗೆ

ಕೋಣೆ ಕಾಯ್ದಿರಿಸುವ ಮೊದಲು ನಕ್ಷೆ ತೆರೆದು ಬಂದರು ಎಲ್ಲಿದೆ ಎಂದು ನೋಡಿ. ಅನೇಕ ಬಂದರು ಊರುಗಳಲ್ಲಿ ಎರಡು ಬಂದರುಗಳಿರುತ್ತವೆ. ಹಡಗುಗಳು ದೊಡ್ಡದಾಗುತ್ತ ಬಂದಂತೆ ಹಳೆಯ ಧಕ್ಕೆಯ (ದೋಣಿ, ಹಡಗು ಕಟ್ಟುವ ಕಟ್ಟೆಯ) ಬಳಿ ಆಳ ಸಾಲದೆ, ಸರಕಿನ ಕೆಲಸ ಊರಾಚೆಗೆ ಹೋಗಿರುತ್ತದೆ. ಜರ್ಮನಿಯ ಬ್ರೆಮೆನ್ ನಗರ ವೇಸರ್ ನದಿಯಲ್ಲಿ ಹೂಳು ತುಂಬುತ್ತಿದ್ದುದರಿಂದ 1827ರಲ್ಲೇ ಅಳಿವೆಯ ಬಳಿ ಬ್ರೆಮರ್‌ಹಾಫೆನ್ ಕಟ್ಟಿಕೊಂಡಿತು; ಎರಡರ ನಡುವೆ ಸುಮಾರು 60 ಕಿ.ಮೀ. ದೂರ. ‘ಬಂದರಿನ ಹತ್ತಿರ’ ಎಂದು ಜಾಹೀರಾತು ಕೊಡುವ ಹೋಟೆಲು ಕಂಟೇನರ್ ಅಂಗಳದ ಬೇಲಿಗೆ ಅಂಟಿಕೊಂಡಿದ್ದರೆ, ರಾತ್ರಿಯಿಡೀ ಲಾರಿಗಳ ಸದ್ದು, ನಡೆದುಹೋಗಲು ಏನೂ ಇಲ್ಲ. ನಿಮಗೆ ಬೇಕಿರುವುದು ಹಳೆಯ ಧಕ್ಕೆಯಿಂದ ಕಾಲ್ನಡಿಗೆಯ ದೂರ. ಪ್ರಯಾಣಿಕರ ದೋಣಿ ಹೊರಡುವ ಜಾಗ ಇವೆರಡೂ ಅಲ್ಲದ ಮೂರನೆಯದಾಗಿರಬಹುದು. ಟಿಕೆಟ್ಟಿನಲ್ಲಿ ಊರಿನ ಹೆಸರಲ್ಲ, ಟರ್ಮಿನಲ್ಲಿನ ಹೆಸರು ಓದಿ.

ಆಮೇಲೆ ಉಬ್ಬರ-ಇಳಿತದ ಪಟ್ಟಿ. ಇದನ್ನು ನೋಡದೆ ಹೋದವರಿಗೆ ದೋಣಿ ತುಂಬಿದ ಧಕ್ಕೆಯ ಬದಲು ಕೆಸರಿನ ಮೇಲೆ ವಾಲಿ ಮಲಗಿದ ದೋಣಿಗಳು ಕಾಣುತ್ತವೆ. ಸಾಮಾನ್ಯವಾಗಿ ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಅತಿ ಕಡಿಮೆ. ಹೆಚ್ಚು ಮಂದಿ ಗಮನಿಸದ ಸಂಗತಿ ಇನ್ನೊಂದಿದೆ: ಒಂದು ಬಂದರಿನಲ್ಲಿ ಹುಣ್ಣಿಮೆಯ ಉಬ್ಬರ ಬರುವ ಗಂಟೆ ಯಾವ ತಿಂಗಳಾದರೂ ಹೆಚ್ಚುಕಡಿಮೆ ಒಂದೇ. ಇಂಥ ಊರಿಗೆ ಯಾವ ತಿಥಿಯಲ್ಲಿ ಹೋದರೆ ಮಧ್ಯಾಹ್ನ ನೀರು ಇಳಿದಿರುತ್ತದೆ ಎಂದು ವರ್ಷದ ಮೊದಲೇ ಲೆಕ್ಕ ಹಾಕಬಹುದು.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗೆ ಕ್ರಮವಾಗಿ 1, 2, 3, 3, 2, 1 ಪಾಲು. ಒಟ್ಟು ಏರಿಳಿತ 6 ಮೀಟರ್ ಇರುವಲ್ಲಿ ಮೊದಲ ಗಂಟೆ ಅರ್ಧ ಮೀಟರ್, ಮೂರನೆಯ ಗಂಟೆ ಒಂದೂವರೆ ಮೀಟರ್. ಫ್ರಾನ್ಸಿನ ಸೇಂಟ್-ಮಾಲೋದಂಥ ಕಡೆ ಇಳಿತದಲ್ಲಿ ನಡೆದು ತಲುಪುವ ಗ್ರಾಂಡ್ ಬೇ ದ್ವೀಪದ ದಾರಿ ಉಬ್ಬರಕ್ಕೆ ಮುಳುಗುತ್ತದೆ. ಮೊದಲ ಗಂಟೆಯ ನಿಧಾನ ನೋಡಿ ‘ಇನ್ನೂ ಹೊತ್ತಿದೆ’ ಅಂದುಕೊಂಡವರೇ ಆಚೆ ಸಿಕ್ಕಿಬೀಳುವುದು. ಇಳಿತಕ್ಕೆ ಸಾಕಷ್ಟು ಮೊದಲು, ದಾರಿ ತೆರೆದ ಕೂಡಲೇ ಹೊರಡಿ. ನೀರು ತಿರುಗುವ ಹೊತ್ತಿಗೆ ಮರಳುವ ದಾರಿಯಲ್ಲಿರಿ.

ಪಟ್ಟಿ ಓದುವಾಗ ಎರಡು ಎಡವಟ್ಟು ಸಾಮಾನ್ಯ. ಒಂದು, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಿ ಕೆಲವು ಪಟ್ಟಿಗಳು ಆ ಒಂದು ಗಂಟೆಯನ್ನು ಸೇರಿಸಿರುವುದಿಲ್ಲ. ಇನ್ನೊಂದು, ಪಟ್ಟಿ ಹೇಳುವುದು ಚಂದ್ರ-ಸೂರ್ಯರ ಲೆಕ್ಕ ಮಾತ್ರ; ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಕುಸಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ಏರುತ್ತದೆ, ದಡದತ್ತ ಬೀಸುವ ಬಿರುಗಾಳಿ ಅದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಮೆಡಿಟರೇನಿಯನ್ ದಡದ ಬಹುಪಾಲು ಊರುಗಳಲ್ಲಿ ಈ ತಲೆನೋವಿಲ್ಲ, ಅಲ್ಲಿ ಏರಿಳಿತವೇ ಅತ್ಯಲ್ಪ.

ಧಕ್ಕೆಯ ಮೆಟ್ಟಿಲಲ್ಲಿ ಹಸಿರು ಪಾಚಿ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ನೀರು ಬರುತ್ತದೆ. ಆ ಗೆರೆಯ ಕೆಳಗೆ ಕಾಲಿಡಬೇಡಿ. ಒಣಗಿದಂತೆ ಕಂಡರೂ ಜಾರುತ್ತದೆ. ಹಿಡಿತವಿರುವ ಅಡಿಯ ಬೂಟು ಇರಲಿ, ಚಪ್ಪಲಿ ಬೇಡ.

ಮೀನಿನ ಏಲಂ ನೋಡುವುದಾದರೆ ದೋಣಿ ಬರುವ ಹೊತ್ತನ್ನು ಹಿಂದಿನ ದಿನವೇ ಧಕ್ಕೆಯಲ್ಲಿ ಕೇಳಿ. ಅನೇಕ ಕಡೆ ಅದು ಬೆಳಕು ಹರಿಯುವ ಮುಂಚೆಯೇ ಮುಗಿಯುತ್ತದೆ. ಮೀನುಗಾರಿಕೆ ನಿಷೇಧದ ಕಾಲದಲ್ಲಿ ನಡೆಯದೆಯೂ ಇರಬಹುದು. ಗೋಡೆ ಬದಿ ನಿಲ್ಲಿ. ಕೈ ಎತ್ತಿ ಯಾರನ್ನೋ ಕರೆಯುವುದು ಏಲಂ ನಡೆಯುವಾಗ ಒಳ್ಳೆಯದಲ್ಲ!

ಸರಕು ಬಂದರಿನ ಒಳಗೆ ಸುಮ್ಮನೆ ಬಿಡುವುದಿಲ್ಲ. ಹಡಗು ಮತ್ತು ಬಂದರುಗಳ ಅಂತಾರಾಷ್ಟ್ರೀಯ ಭದ್ರತಾ ಸಂಹಿತೆ 2004ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಗೇಟಿನಲ್ಲಿ ಪರವಾನಗಿ, ಗುರುತಿನ ಚೀಟಿ ಕೇಳುತ್ತಾರೆ. ಬೇಲಿಯ ಫೋಟೊ, ಡ್ರೋನ್ ಎರಡಕ್ಕೂ ಮೊದಲೇ ಅನುಮತಿ ವಿಚಾರಿಸಿ, ನೌಕಾಪಡೆಯ ನೆಲೆಯಿರುವಲ್ಲಂತೂ ಕಡ್ಡಾಯವಾಗಿ. ಹಡಗು ನೋಡಲು ಒಳಗೆ ಹೋಗುವ ಅಗತ್ಯವೂ ಇಲ್ಲ. ಅಲೆತಡೆ ಗೋಡೆಯ ತುದಿಗೆ ಜನರನ್ನು ಬಿಡುವುದಾದರೆ, ಕಾಲುವೆಯಲ್ಲಿ ಬರುವ ಹಡಗು ಅತಿ ಹತ್ತಿರದಿಂದ ಕಾಣುವುದು ಅಲ್ಲಿಯೇ. ಅಲೆ ಒಮ್ಮೆಯಾದರೂ ಗೋಡೆ ದಾಟಿದ ದಿನ ಮಾತ್ರ ಅತ್ತ ಹೋಗಬೇಡಿ.

ಯಾವ ಹಡಗು ಯಾವಾಗ ಬರುತ್ತದೆಂದು ತಿಳಿಯಲು ಎಐಎಸ್ (ಹಡಗು ತಾನೆಲ್ಲಿದ್ದೇನೆಂದು ತಾನಾಗಿ ಸಾರುವ ರೇಡಿಯೊ ವ್ಯವಸ್ಥೆ) ನಕ್ಷೆಗಳಿವೆ. ಅಂತಾರಾಷ್ಟ್ರೀಯ ಯಾನ ಮಾಡುವ 300 ಟನ್ನೇಜಿಗೆ ಮೇಲ್ಪಟ್ಟ ಹಡಗುಗಳು ಈ ಸಂಕೇತ ಕಳಿಸಲೇಬೇಕು; ಸಣ್ಣ ದೋಣಿಗಳು ಕಾಣದಿರಬಹುದು. ಅದರಲ್ಲಿ ‘ತಲುಪುವ ಹೊತ್ತು’ ಎಂದಿರುವುದನ್ನು ಹಡಗಿನವರು ಕೈಯಾರೆ ತುಂಬುತ್ತಾರೆ, ಹಳೆಯದೇ ಉಳಿದಿರುವುದುಂಟು. ವೇಗ ನೋಡಿ: ಸೊನ್ನೆಯ ಹತ್ತಿರವಿದ್ದರೆ ಲಂಗರು ಹಾಕಿ ಕಾಯುತ್ತಿರಬಹುದು, ಅದು ದಿನಗಟ್ಟಲೆಯೂ ಆಗಬಹುದು. ಅರ್ಧ ಬಿಳಿ, ಅರ್ಧ ಕೆಂಪು ಬಾವುಟ ಏರಿಸಿದ್ದರೆ ಬಂದರಿನ ನೀರಿನಲ್ಲಿ ಹಡಗಿಗೆ ದಾರಿ ತೋರುವ ಪೈಲಟ್ ಹಡಗಿನಲ್ಲಿದ್ದಾರೆ ಎಂದರ್ಥ. ಪೂರ್ತಿ ಕೆಂಪು ಬಾವುಟ ಕಂಡರೆ ಅಪಾಯಕಾರಿ ಸರಕು, ದೂರವಿರಿ. ಹಡಗನ್ನು ಧಕ್ಕೆಗೆ ಕಟ್ಟುವಾಗ ಬಿಗಿದ ಹಗ್ಗದ ನೇರಕ್ಕೆ ನಿಲ್ಲಬೇಡಿ. ಹರಿದರೆ ಅದು ಬೀಸುವ ಹೊಡೆತಕ್ಕೆ ಕಾಲು ಮುರಿಯುತ್ತದೆ, ಜೀವವೂ ಹೋಗಬಹುದು.

ದ್ವೀಪಕ್ಕೆ ದೋಣಿ ಹತ್ತುವ ಯೋಚನೆಯಿದ್ದರೆ ಬೆಳಗಿನದನ್ನೇ ಹಿಡಿಯಿರಿ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಲಿಯುತ್ತದೆ, ಸಣ್ಣ ದೋಣಿ ರದ್ದಾಗುವುದು ಹೆಚ್ಚಾಗಿ ಆಗಲೇ. ದ್ವೀಪದಿಂದ ಮರಳುವ ದಿನವೇ ವಿಮಾನವೋ ದೂರದ ರೈಲೋ ಇಟ್ಟುಕೊಳ್ಳಬೇಡಿ. ನಡುವೆ ಒಂದು ರಾತ್ರಿ ಊರಿನಲ್ಲೇ ಉಳಿಯುವಂತೆ ಟಿಕೆಟ್ ಮಾಡಿಸಿ.